ಉಪಶಮನ: ಹೊದಿಕೆಯೋ, ಮುಸುಕೋ?

ಪದಗಳ ವಿಮರ್ಶೆ ಪಂಡಿತರ ಕೆಲಸ, ನಮ್ಮ ಮನೆವಾರ್ತೆಗೂ ಅದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಒಂದೇ ಒಂದು ಪದವನ್ನು ತಪ್ಪಾಗಿ ಅರ್ಥಮಾಡಿಕೊಂಡದ್ದರಿಂದ, ಔಷಧವು ಮನೆಯಲ್ಲೇ ಇದ್ದರೂ ಒಬ್ಬ ತಾಯಿ ಹಲವು ರಾತ್ರಿ ನರಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಪದ ‘ಉಪಶಮನ’.

ಕೆಲವು ವರ್ಷಗಳ ಹಿಂದಿನ ಮಾತು. ವಾಡಿಯಲ್ಲಿ ರೈಲುಗಳ ಸದ್ದು ಕೇಳಿಸುವಷ್ಟು ಹತ್ತಿರದ ಒಂದು ಓಣಿ. ಅಲ್ಲಿನ ತಾಯಿಯೊಬ್ಬರಿಗೆ ಅರ್ಬುದ ರೋಗ ಹರಡಿತ್ತು. ದೊಡ್ಡ ಊರಿನ ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ವೈದ್ಯರು ಒಂದು ಕಾಗದವನ್ನೂ ಗುಳಿಗೆಗಳ ಪೊಟ್ಟಣವನ್ನೂ ಕೊಟ್ಟು, “ಇನ್ನು ಮೇಲೆ ಉಪಶಮನ ಚಿಕಿತ್ಸೆ ಮಾತ್ರ” ಎಂದರಂತೆ. ಮನೆಯವರು ಆ ವಾಕ್ಯವನ್ನು ತಮಗೆ ತಿಳಿದಂತೆ ಬಿಡಿಸಿಕೊಂಡರು. ನಾನು ಭೇಟಿಗೆ ಹೋದಾಗ ಆಕೆ ಗೋಡೆಯ ಕಡೆ ಮುಖ ಮಾಡಿ ಮುಲುಗುತ್ತಿದ್ದರು. ಗುಳಿಗೆಗಳು ಗೋಡೆಯ ಗೂಡಿನಲ್ಲಿ ಹಾಗೆಯೇ ಇದ್ದವು. ಏಕೆ ಕೊಟ್ಟಿಲ್ಲವೆಂದು ಕೇಳಿದೆ. ಮಗಳು ಹೇಳಿದಳು: “ಅದು ಔಷಧ ಅಲ್ಲಂತ್ರಿ, ಬರೇ ಉಪಶಮನ ಅಂತ. ಭಾಳ ಆದಾಗ ಕೊಡಮ ಅಂತ ಇಟ್ಟೀವಿ.” ಆ ಹುಡುಗಿಗೆ ತಾಯಿಯ ಮೇಲೆ ಪ್ರೀತಿಯ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಆ ಪದದ ತಿಳಿವಳಿಕೆಯಲ್ಲಿ.

ಅದೇ ಓಣಿಯಲ್ಲಿ ಇನ್ನೊಬ್ಬರಿದ್ದರು. ಕಲ್ಲಿನ ಗಣಿಯಲ್ಲಿ ಫರಸಿ ಎತ್ತುವ ಕೆಲಸ. ಅವರಿಗೆ ಕೆಮ್ಮು ಹಿಡಿದು ತಿಂಗಳುಗಳೇ ಆಗಿದ್ದವು. ಅಂಗಡಿಯಿಂದ ಸಿರಪ್ಪಿನ ಬಾಟಲಿ ತಂದು ಕುಡಿಯುವರು. ಎರಡು ದಿನ ಕೆಮ್ಮು ಅಡಗುವುದು. “ಆರಾಮ ಆಗ್ಯದ್ರಿ” ಎಂದು ಮತ್ತೆ ಕೆಲಸಕ್ಕೆ ಹೋಗುವರು. ಕೊನೆಗೆ ಕಫದಲ್ಲಿ ರಕ್ತ ಕಂಡಾಗ ಪರೀಕ್ಷೆಯಾಗಿ, ಕ್ಷಯವೆಂದು ತಿಳಿಯಿತು. ಅಷ್ಟರಲ್ಲಿ ಮನೆಯ ಒಂದು ಮಗುವಿಗೂ ಸೋಂಕು ತಗುಲಿತ್ತು. ಇಲ್ಲಿ ಶಮನಮಾಡುವ ಔಷಧವನ್ನು ಗುಣಪಡಿಸುವ ಔಷಧವೆಂದು ನಂಬಲಾಯಿತು. ಅಲ್ಲಿ ಶಮನಮಾಡುವ ಔಷಧವನ್ನು ಔಷಧವೇ ಅಲ್ಲವೆಂದು ತಳ್ಳಲಾಯಿತು. ಎರಡು ಮನೆಗಳ ನಡುವೆ ಇದ್ದದ್ದು ನಾಲ್ಕೇ ಬಾಗಿಲು. ಎರಡು ತಪ್ಪುಗಳೂ ಹುಟ್ಟಿದ್ದು ಒಂದೇ ಗೊಂದಲದಿಂದ. ಆದುದರಿಂದ ಈ ಪದವನ್ನು ಕೈಗೆ ತೆಗೆದುಕೊಂಡು, ಅದರ ಒಳಗೇನಿದೆ ಎಂದು ನಿಮ್ಮೊಡನೆ ಕುಳಿತು ನೋಡಬೇಕೆನ್ನಿಸಿತು.

‘ಶಮನ’ವೆಂದರೆ ಶಾಂತವಾಗಿಸುವುದು. ‘ಶಾಂತಿ’ ಹುಟ್ಟಿದ ಧಾತುವಿನಿಂದಲೇ ಇದೂ ಹುಟ್ಟಿದೆ. ಆದರೆ ಪದಗಳಿಗೆ ನೆರಳುಗಳೂ ಇರುತ್ತವೆ. ಸಂಸ್ಕೃತದ ಅಮರಕೋಶವು ಯಮನ ಹೆಸರುಗಳನ್ನು ಪಟ್ಟಿಮಾಡುವಾಗ ‘ಶಮನ’ವನ್ನೂ ಅವುಗಳಲ್ಲಿ ಒಂದಾಗಿ ಕೊಡುತ್ತದೆ. ಎಲ್ಲವನ್ನೂ ಕೊನೆಗೆ ತಣ್ಣಗಾಗಿಸುವವನು ಎಂಬ ಅರ್ಥದಲ್ಲಿ ಸಾವಿಗೂ ಅದೇ ಹೆಸರು. ವೈದ್ಯರ ಬಾಯಲ್ಲಿ ‘ಉಪಶಮನ’ ಕೇಳಿದ ಕುಟುಂಬ ಅಮರಕೋಶವನ್ನು ಓದಿರುವುದಿಲ್ಲ ನಿಜ. ಆದರೂ ಆ ಪದದಲ್ಲಿ ಅವರಿಗೆ ಕೇಳಿಸುವುದು ಬಹುಮಟ್ಟಿಗೆ ಯಮನ ಹೆಜ್ಜೆಯೇ.

ಇನ್ನೊಂದು ನೆರಳನ್ನು ನಮ್ಮ ದಿನಪತ್ರಿಕೆಗಳು ಕೊಟ್ಟಿವೆ. ‘ಭಿನ್ನಮತ ಶಮನ’, ‘ಅಸಮಾಧಾನ ಶಮನಕ್ಕೆ ಯತ್ನ’ ಎಂಬ ಶೀರ್ಷಿಕೆಗಳನ್ನು ನೀವು ಎಷ್ಟು ಬಾರಿ ಓದಿಲ್ಲ? ಹಾಗೆ ಶಮನಗೊಂಡ ಭಿನ್ನಮತ ಮುಂದಿನ ತಿಂಗಳು ಮತ್ತೆ ಹೊಗೆಯಾಡುತ್ತದೆಂದು ಓದುವವರೆಲ್ಲರಿಗೂ ಗೊತ್ತು. ಹೀಗೆ ರಾಜಕೀಯದ ಕನ್ನಡವು ಶಮನವೆಂದರೆ ಮೇಲ್ಮೈಯ ತೇಪೆ, ಹೇಗಾದರೂ ದಿನ ನೂಕುವ ಉಪಾಯ ಎಂಬ ಅರ್ಥವನ್ನು ನಮ್ಮ ಕಿವಿಗೆ ತುಂಬಿಬಿಟ್ಟಿದೆ. ಆಸ್ಪತ್ರೆಯಲ್ಲಿ ಆ ಪದ ಕೇಳಿದಾಗ ನಮಗೆ ಅಲ್ಲಿಯೂ ತೇಪೆಯೇ ಕಾಣುತ್ತದೆ.

‘ಉಪ’ ಎಂಬ ಎರಡಕ್ಷರವೂ ತನ್ನ ಪಾಲಿನ ಕೆಡುಕನ್ನು ಮಾಡಿದೆ. ಉಪಾಧ್ಯಕ್ಷ, ಉಪನದಿ, ಉಪಕಥೆ ಎಂದು ಬಳಸಿ ಬಳಸಿ, ‘ಉಪ’ ಎಂದರೆ ಎರಡನೆಯದು, ಚಿಕ್ಕದು ಎಂದು ನಾವು ತಿಳಿದಿದ್ದೇವೆ. ಹಾಗಾಗಿ ಉಪಶಮನವೂ ನಿಜವಾದ ಚಿಕಿತ್ಸೆಯ ಕೈಕೆಳಗಿನ ಏನೋ ಒಂದು ಎಂದು ತೋರುತ್ತದೆ. ಆದರೆ ‘ಉಪ’ದ ಮೂಲಾರ್ಥ ‘ಬಳಿ’, ‘ಸಮೀಪ’. ಉಪವಾಸವೆಂದರೆ ಬಳಿಯಲ್ಲಿ ವಾಸಿಸುವುದು. ಉಪನಯನವೆಂದರೆ ಬಳಿಗೆ ಕರೆದೊಯ್ಯುವುದು. ಉಪಚಾರವೆಂದರೆ ಬಳಿ ಸುಳಿದಾಡುತ್ತ ಸೇವೆ ಮಾಡುವುದು. ಉಪಶಮನದಲ್ಲಿ ಇರುವುದೂ ಅದೇ ‘ಉಪ’. ಬಳಿ ಇದ್ದು ಶಾಂತಗೊಳಿಸುವುದು ಎಂದು ಅದನ್ನು ಓದಿಕೊಂಡರೆ ಪದವು ಎಷ್ಟು ಬೇರೆಯಾಗಿ ಕೇಳಿಸುತ್ತದೆ!

ಪದದ ಗುಣದೋಷಗಳನ್ನು ಹೀಗೆ ತೂಗುವುದು ನಮ್ಮ ಸೀಮೆಗೆ ಹೊಸದೇನಲ್ಲ. ನಮ್ಮ ನೆರೆಯ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಶ್ರೀವಿಜಯನು ಕವಿರಾಜಮಾರ್ಗವನ್ನು ರಚಿಸಿದನು. ಯಾವ ಪದ ಎಲ್ಲಿ ಸಲ್ಲುತ್ತದೆ, ಎಲ್ಲಿ ದೋಷವಾಗುತ್ತದೆ ಎಂದು ಕನ್ನಡದಲ್ಲಿ ವಿಚಾರಿಸಿದ, ನಮಗೆ ದೊರೆತಿರುವ ಮೊದಲ ಗ್ರಂಥ ಅದು. ಕಾಗಿಣಾ ನದಿಯ ದಡದ ಆ ಊರಿನಲ್ಲಿ ಇಂದಿಗೂ ನೇಮಿನಾಥ ಬಸದಿ ಇದೆ. ಜೈನರ ತತ್ತ್ವವಿಚಾರದಲ್ಲಿ ‘ಉಪಶಮ’ ಎಂಬುದು ಬಹು ನಿಖರವಾದ ಒಂದು ಪಾರಿಭಾಷಿಕ ಪದ. ಅದರ ಎದುರಿಗೆ ನಿಲ್ಲುವ ಪದ ‘ಕ್ಷಯ’. ಆತ್ಮಕ್ಕಂಟಿದ ಕರ್ಮವು ಅಡಗಿ ಕುಳಿತರೆ ಅದು ಉಪಶಮ, ನಾಶವಾಗಿ ಹೋದರೆ ಕ್ಷಯ.

ತತ್ತ್ವಾರ್ಥಸೂತ್ರಕ್ಕೆ ಪೂಜ್ಯಪಾದರು ಬರೆದ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನದಲ್ಲಿ ಇದಕ್ಕೊಂದು ದೃಷ್ಟಾಂತವಿದೆ. ಕೆಸರು ನೀರಿಗೆ ಕತಕವೆಂಬ ಬೀಜವನ್ನು ತೇಯ್ದು ಹಾಕಿದರೆ ಕೆಸರು ತಳಕ್ಕೆ ಕೂರುತ್ತದೆ, ನೀರು ತಿಳಿಯಾಗುತ್ತದೆ; ಇದು ಉಪಶಮ. ಆ ತಿಳಿನೀರನ್ನು ಬೇರೊಂದು ಶುದ್ಧವಾದ ಪಾತ್ರೆಗೆ ಬಗ್ಗಿಸಿಕೊಂಡರೆ ಕೆಸರಿನ ಸಂಬಂಧವೇ ತಪ್ಪುತ್ತದೆ; ಇದು ಕ್ಷಯ. ಮಳೆಗಾಲದ ರಾಡಿ ನೀರಿಗೆ ಪಟಿಕದ ತುಂಡನ್ನು ತಿರುವಿದ ಗೃಹಿಣಿಯರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಎರಡು ಸಂಗತಿಗಳನ್ನು ಒಟ್ಟಿಗೆ ಗಮನಿಸಬೇಕು. ಕೆಸರು ತಳದಲ್ಲಿ ಇದ್ದೇ ಇದೆ, ಕೊಡ ಅಲುಗಿದರೆ ಮತ್ತೆ ಮೇಲೇಳುತ್ತದೆ; ಇದು ಮೊದಲನೆಯದು. ಆದರೂ ನೀರು ನಿಜವಾಗಿಯೇ ತಿಳಿಯಾಗಿದೆ, ಆ ತಿಳಿ ಸುಳ್ಳಲ್ಲ, ಇದು ಎರಡನೆಯದು. ಗಣಿಯ ಕೆಲಸಗಾರರು ಮೊದಲನೆಯದನ್ನು ಮರೆತರು. ತಾಯಿಯ ಮನೆಯವರಿಗೆ ಎರಡನೆಯದು ತಿಳಿಯಲಿಲ್ಲ. ರೋಗಲಕ್ಷಣವನ್ನು ಇಳಿಸುವ ಔಷಧವೆಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆಯನ್ನು ನಾನು ಕಂಡಿಲ್ಲ.

ಆಯುರ್ವೇದವೂ ಚಿಕಿತ್ಸೆಯನ್ನು ಶೋಧನ, ಶಮನ ಎಂದು ಎರಡಾಗಿ ವಿಂಗಡಿಸುತ್ತದೆ. ದೋಷವನ್ನು ದೇಹದಿಂದ ಹೊರಹಾಕುವುದು ಶೋಧನ. ಹೊರಹಾಕದೆ ಇದ್ದಲ್ಲಿಯೇ ಸಮಸ್ಥಿತಿಗೆ ತರುವುದು ಶಮನ. ಎರಡಕ್ಕೂ ಅಲ್ಲಿ ಗೌರವದ ಸ್ಥಾನವಿದೆ. ಸಾಧ್ಯ ಮತ್ತು ಅಸಾಧ್ಯಗಳ ನಡುವೆ ಆ ಶಾಸ್ತ್ರವು ‘ಯಾಪ್ಯ’ ಎಂಬ ಇನ್ನೊಂದು ವರ್ಗವನ್ನು ಇಟ್ಟಿರುವುದನ್ನು ನಾವು ಮರೆತಿದ್ದೇವೆ. ಬುಡಸಮೇತ ಹೋಗದಿದ್ದರೂ ಚಿಕಿತ್ಸೆ ನಡೆಯುವವರೆಗೆ ಹಿಡಿತದಲ್ಲಿರುವ ರೋಗ ಯಾಪ್ಯ. ಸುಶ್ರುತ ಸಂಹಿತೆಯು ಇಂಥ ಚಿಕಿತ್ಸೆಯನ್ನು ಬೀಳಲಿರುವ ಮನೆಗೆ ಸರಿಯಾಗಿ ನಿಲ್ಲಿಸಿದ ಆಸರೆಗಂಬಕ್ಕೆ ಹೋಲಿಸುತ್ತದೆ. ಕಲ್ಲುಚಪ್ಪಡಿ ಹೊದಿಸಿದ ನಮ್ಮ ಹಳೆಯ ಮನೆಗಳಲ್ಲಿ ತೊಲೆ ಬಾಗಿದಾಗ ಕೊಟ್ಟ ಕಂಬವನ್ನು ನೆನೆಯಿರಿ. ಅದು ತೊಲೆಯನ್ನು ಹೊಸದಾಗಿಸುವುದಿಲ್ಲ. ಆದರೆ ಅದರ ಕೆಳಗೆ ಮಕ್ಕಳು ಮಲಗುತ್ತಾರೆ. 1921ರಲ್ಲಿ ಇನ್ಸುಲಿನ್ ಕಂಡುಹಿಡಿದಂದಿನಿಂದ ಅದು ಸಕ್ಕರೆ ಕಾಯಿಲೆಯನ್ನು ವಾಸಿಮಾಡಿಲ್ಲ. ಆದರೂ ಅದನ್ನು ‘ಬರೇ’ ಎಂದು ಯಾರೂ ಗೂಡಿನಲ್ಲಿ ಇಟ್ಟುಬಿಡುವುದಿಲ್ಲ. ಹಾಗಿರುವಾಗ ನೋವಿನ ಗುಳಿಗೆಗೆ ಮಾತ್ರ ಈ ಅವಮಾನ ಏಕೆ?

ಈಗ ಇದೇ ಪದದ ಪಾಶ್ಚಾತ್ಯ ಸೋದರನನ್ನು ನೋಡೋಣ. ವೈದ್ಯರು ‘ಪ್ಯಾಲಿಯೇಟಿವ್’ ಎನ್ನುತ್ತಾರಲ್ಲ, ಅದರ ಬೇರು ಲ್ಯಾಟಿನ್ನಿನ ‘ಪಾಲಿಯಂ’, ಎಂದರೆ ಮೇಲುಹೊದಿಕೆ. ಈ ಹೆಸರು ಕಥೋಲಿಕರಿಗೆ ಅಪರಿಚಿತವಲ್ಲ. ಮಹಾಧರ್ಮಾಧ್ಯಕ್ಷರು ಹೆಗಲ ಮೇಲೆ ಧರಿಸುವ ಬಿಳಿಯ ಉಣ್ಣೆಯ ಪಟ್ಟಿಗೂ ಅದೇ ಹೆಸರು. ಹೊದಿಸುವುದು ಎಂಬ ಕ್ರಿಯಾಪದಕ್ಕೆ ಯುರೋಪಿನ ಭಾಷೆಗಳಲ್ಲಿ ಎರಡು ದಾರಿ ತೆರೆದವು. ನಡುಗುವವನಿಗೆ ಹೊದಿಸಿದರೆ ಅದು ಕರುಣೆ. ತಪ್ಪಿನ ಮೇಲೆ ಹೊದಿಸಿದರೆ ಅದು ಮುಚ್ಚಿಡುವಿಕೆ. ಇಂಗ್ಲಿಷಿನಲ್ಲಿ ಆ ಪದವನ್ನು ಬಹುಕಾಲ ಅಪರಾಧಕ್ಕೆ ನೆಪ ಹೇಳಿ ಹಗುರಮಾಡುವುದಕ್ಕೂ, ಮೂಲವನ್ನು ಮುಟ್ಟದ ಅರೆ ಪರಿಹಾರಕ್ಕೂ ಬಳಸಿದರು. ಹೊದಿಕೆ, ಮುಸುಕು ಎಂಬ ಕನ್ನಡದ ಎರಡು ಪದಗಳು ಆ ಭೇದವನ್ನು ಚೆನ್ನಾಗಿ ಹಿಡಿಯುತ್ತವೆ. ಬಟ್ಟೆ ಒಂದೇ. ಚಳಿಯವನ ಮೈಮೇಲೆ ಬಿದ್ದರೆ ಹೊದಿಕೆ, ನೋಡಬೇಕಾದ ಮುಖದ ಮೇಲೆ ಬಿದ್ದರೆ ಮುಸುಕು.

ಈ ಪದಕ್ಕೆ ಇಂದಿನ ಗೌರವ ಬಂದದ್ದು ಇತ್ತೀಚೆಗೆ. 1967ರಲ್ಲಿ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ ಲಂಡನ್ನಿನಲ್ಲಿ ಸಂತ ಕ್ರಿಸ್ಟೋಫರರ ಹೆಸರಿನ ಆಸರೆಮನೆಯನ್ನು ತೆರೆದರು. ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದೂ ಕುಟುಂಬದ್ದೂ ಆತ್ಮದ್ದೂ ಹೌದೆಂದು ಅವರು ತೋರಿಸಿಕೊಟ್ಟರು. ಕೆನಡಾದ ಶಸ್ತ್ರವೈದ್ಯ ಬಾಲ್ಫೋರ್ ಮೌಂಟ್ ಅವರಿಂದ ಕಲಿತು ಬಂದು, 1975ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಅಂಥದೇ ಘಟಕವನ್ನು ಆರಂಭಿಸಿದರು. ಆ ನಗರದ ಫ್ರೆಂಚ್ ಮಾತಿನಲ್ಲಿ ‘ಹಾಸ್ಪಿಸ್’ ಎಂದರೆ ದಿಕ್ಕಿಲ್ಲದವರನ್ನು ತಳ್ಳುವ ಜಾಗವೆಂಬ ಅರ್ಥವಿತ್ತು. ಆದ್ದರಿಂದ ಅವರು ‘ಪ್ಯಾಲಿಯೇಟಿವ್ ಕೇರ್’ ಎಂಬ ಹೆಸರನ್ನು ಆರಿಸಿಕೊಂಡರು. ಜನರ ಕಿವಿಗೆ ಪದವು ಹೇಗೆ ಬೀಳುತ್ತದೆ ಎಂದು ಆ ಶಸ್ತ್ರವೈದ್ಯರು ಯೋಚಿಸಿದರು. ನಮ್ಮಲ್ಲಿ ಅಷ್ಟು ಯೋಚನೆ ನಡೆದಂತಿಲ್ಲ.

ಮುಸುಕಿನ ಮಾತನ್ನು ಮೊದಲು ಮುಗಿಸೋಣ. ಎರಡು ವಾರ ಮೀರಿದ ಕೆಮ್ಮಿಗೆ ಸಿರಪ್ಪು ಉತ್ತರವಲ್ಲ. ಕಫದ ಪರೀಕ್ಷೆ ಆಗಲೇಬೇಕು. ಅದೂ ಕ್ಷಯದ ಚಿಕಿತ್ಸೆಯೂ ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಜ್ವರದ ಗುಳಿಗೆ ಮೈಬಿಸಿಯನ್ನು ಇಳಿಸುತ್ತದೆಯೇ ಹೊರತು ಮಲೇರಿಯಾವನ್ನು ಮುಟ್ಟುವುದಿಲ್ಲ. ಎದೆನೋವಿಗೆ ‘ಗ್ಯಾಸ್’ ಎಂದು ಹೆಸರಿಟ್ಟು, ಹೊಟ್ಟೆಯುರಿಯ ಔಷಧ ಕುಡಿದು ಮಲಗಿ, ಬೆಳಿಗ್ಗೆ ಏಳದವರ ಕಥೆ ಪ್ರತಿ ಊರಿನಲ್ಲಿಯೂ ಇದೆ. ಮಂಡಿನೋವಿಗೆ ವಾರವಾರವೂ ಹೆಸರು ತಿಳಿಯದ ಸೂಜಿ ಹಾಕಿಸಿಕೊಂಡು “ಹಗುರ ಆತು” ಎಂದು ಮನೆಗೆ ಬರುವ ಹಿರಿಯರನ್ನು ನೀವು ಬಲ್ಲಿರಿ. ಆ ಸೂಜಿಯಲ್ಲಿ ಸ್ಟೀರಾಯ್ಡ್ ಇರಬಹುದು. ನೋವಿನ ಗುಳಿಗೆಗಳಲ್ಲಿ ಹಲವು, ವರ್ಷಗಟ್ಟಲೆ ತಿಂದರೆ ಹೊಟ್ಟೆಯಲ್ಲಿ ಹುಣ್ಣನ್ನೂ ಮೂತ್ರಪಿಂಡಕ್ಕೆ ಹಾನಿಯನ್ನೂ ತರುತ್ತವೆ. ಇಲ್ಲೆಲ್ಲ ಹೊದಿಕೆ ಮುಸುಕಾಗಿದೆ. ನೋವು ಒಬ್ಬ ಕಾವಲುಗಾರ. ಕಳ್ಳ ಯಾರೆಂದು ತಿಳಿಯುವ ಮುನ್ನ ಕಾವಲುಗಾರನ ಬಾಯಿ ಮುಚ್ಚಿಸುವುದು ಜಾಣತನವಲ್ಲ.

ಆದರೆ ಕಳ್ಳ ಯಾರೆಂದು ತಿಳಿದ ಮೇಲೆಯೂ, ಅವನನ್ನು ಹೊರಗಟ್ಟಲು ಆಗದೆಂದು ನಿಶ್ಚಯವಾದ ಮೇಲೆಯೂ, ಕಾವಲುಗಾರ ರಾತ್ರಿಯಿಡೀ ಕೂಗುತ್ತಲೇ ಇರಬೇಕೇ? ಅಲ್ಲಿ ನೋವಿಗೆ ಹೇಳಲು ಹೊಸದೇನೂ ಉಳಿದಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿ ಅರ್ಬುದದ ನೋವಿಗೆ ಮೂರು ಮೆಟ್ಟಿಲುಗಳ ಕ್ರಮವನ್ನು ಪ್ರಕಟಿಸಿತು. ಸಾಧಾರಣ ಗುಳಿಗೆಯಿಂದ ಆರಂಭಿಸಿ, ಸಾಲದಿದ್ದರೆ ಮೇಲಿನ ಮೆಟ್ಟಿಲಿಗೆ ಏರಿ, ಕೊನೆಗೆ ಮಾರ್ಫಿನ್‌ವರೆಗೆ ಹೋಗುವ ಕ್ರಮವದು. ಅದರ ಮುಖ್ಯ ನಿಯಮವನ್ನು ಪ್ರತಿ ಕುಟುಂಬವೂ ತಿಳಿದಿರಬೇಕು: ಗುಳಿಗೆಯನ್ನು ನೋವು ಬಂದ ಮೇಲೆ ಕೊಡುವುದಲ್ಲ, ನೋವು ಬರುವ ಮುನ್ನ, ಗಡಿಯಾರ ನೋಡಿ ಕೊಡುವುದು. ಸಾಧಾರಣ ಮಾರ್ಫಿನ್ ಗುಳಿಗೆಯ ಪ್ರಭಾವ ಸುಮಾರು ನಾಲ್ಕು ಗಂಟೆ. “ಭಾಳ ಆದಾಗ ಕೊಡಮ” ಎಂದು ಎತ್ತಿಟ್ಟರೆ, ಪ್ರತಿ ಸಲವೂ ರೋಗಿ ನೋವಿನ ತುದಿಯವರೆಗೆ ಹೋಗಿ ಹಿಂದಿರುಗಬೇಕಾಗುತ್ತದೆ.

ಮಾರ್ಫಿನ್ ಎಂದೊಡನೆ ವ್ಯಸನದ ಭಯ. ವೈದ್ಯರು ಅಳತೆಯಿಟ್ಟು, ಕಣ್ಣಿಟ್ಟು ಕೊಡುವಾಗ ಅರ್ಬುದದ ರೋಗಿಗಳು ವ್ಯಸನಿಗಳಾಗುವುದು ಅಪರೂಪ. ಮಲಬದ್ಧತೆ ಉಂಟಾಗುವುದು ಮಾತ್ರ ಖಂಡಿತ. ಅದಕ್ಕೆ ಜೊತೆಯಲ್ಲಿಯೇ ಔಷಧವಿರುತ್ತದೆ. ಈ ಭಯ ನಮ್ಮ ಕಾನೂನಿನಲ್ಲಿಯೂ ಕುಳಿತಿತ್ತು. 1985ರ ಮಾದಕ ವಸ್ತುಗಳ ಕಾಯಿದೆ ಎಷ್ಟು ಬಿಗಿಯಾಗಿತ್ತೆಂದರೆ, ಔಷಧಕ್ಕಾಗಿ ಅಫೀಮನ್ನು ಕಾನೂನುಬದ್ಧವಾಗಿ ಬೆಳೆಯುವ ನಮ್ಮ ದೇಶದಲ್ಲಿಯೇ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳಲು ಅಂಜಿದವು. 2014ರ ತಿದ್ದುಪಡಿ ಆ ಗಂಟನ್ನು ಸಡಿಲಿಸಿತು. ಕಾನೂನಿನ ಗಂಟು ಸಡಿಲವಾದರೂ ಮನಸ್ಸಿನ ಗಂಟು ಇನ್ನೂ ಹಾಗೆಯೇ ಇದೆ.

ಈಗ ವೈದ್ಯರ ವಾಕ್ಯದ ಕೊನೆಯ ಪದಕ್ಕೆ ಬರೋಣ. “ಉಪಶಮನ ಮಾತ್ರ.” ನನ್ನ ನಿಜವಾದ ಜಗಳ ಇರುವುದು ಈ ‘ಮಾತ್ರ’ದೊಡನೆ. ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲಿ, ಗುಣಪಡಿಸುವ ಚಿಕಿತ್ಸೆಗೆ ಮಣಿಯದ ರೋಗಿಗಳ ಆರೈಕೆ ಎಂದು ಈ ಪದವನ್ನು ವಿವರಿಸಿತ್ತು. 2002ರಲ್ಲಿ ತಾನೇ ಅದನ್ನು ವಿಸ್ತರಿಸಿ, ರೋಗದ ಆರಂಭದಿಂದಲೇ ಇತರ ಚಿಕಿತ್ಸೆಯ ಜೊತೆಗೇ ಇದು ನಡೆಯಬೇಕೆಂದು ಹೇಳಿತು. 2010ರಲ್ಲಿ ಅಮೆರಿಕೆಯ ಬಾಸ್ಟನ್ ನಗರದ ವೈದ್ಯರು, ಶ್ವಾಸಕೋಶದ ಅರ್ಬುದ ಹರಡಿದ್ದ ರೋಗಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಆರಂಭದಿಂದಲೇ ಉಪಶಮನ ಆರೈಕೆಯನ್ನೂ ಪಡೆದವರು ಹೆಚ್ಚು ನೆಮ್ಮದಿಯಿಂದಿದ್ದರು. ಅಷ್ಟೇ ಅಲ್ಲ, ಇತರರಿಗಿಂತ ಎರಡು ತಿಂಗಳಿಗೂ ಮಿಕ್ಕಿ ಹೆಚ್ಚು ಕಾಲ ಬದುಕಿದರು. ಹಾಗಾದರೆ ಸರಿಯಾದ ವಾಕ್ಯ “ಉಪಶಮನ ಮಾತ್ರ” ಎಂದಲ್ಲ, “ಉಪಶಮನವೂ” ಎಂದು. ಒಂದು ‘ಊ’ಕಾರದ ವ್ಯತ್ಯಾಸ. ಆ ಊಕಾರದಲ್ಲಿ ಒಂದು ಕುಟುಂಬದ ಧೈರ್ಯ ನಿಂತಿದೆ.

ಬೇರೆ ಪದ ಹುಡುಕಬಹುದಲ್ಲ ಎಂದು ನೀವು ಕೇಳಬಹುದು. ‘ನೋವು ನಿವಾರಕ’ ಎಂಬುದು ಔಷಧದಂಗಡಿಯ ಪದ. ನಿವಾರಿಸುತ್ತೇನೆಂದು ಅದು ಹೇಳುತ್ತದೆ, ಮಾಡುವುದು ತಗ್ಗಿಸುವ ಕೆಲಸ. ಅಷ್ಟು ದೊಡ್ಡ ಭರವಸೆ ಕೊಟ್ಟೇ ಅದು ನಮ್ಮ ಗಣಿ ಕೆಲಸಗಾರರಂಥವರನ್ನು ಮೋಸಗೊಳಿಸುತ್ತದೆ. ನೆರೆಯ ಕೇರಳದಲ್ಲಿ, 1993ರಲ್ಲಿ ಕಲ್ಲಿಕೋಟೆಯಲ್ಲಿ ಆರಂಭವಾದ ಚಳವಳಿಯು ಮನೆಮನೆಗೂ ಈ ಆರೈಕೆಯನ್ನು ಒಯ್ದಿತು. ಅಲ್ಲಿ ಅದಕ್ಕೆ ‘ಸಾಂತ್ವನ’ವೆಂಬ ಹೆಸರಿದೆ. ಬಹು ಸುಂದರವಾದ ಪದ. ಆದರೆ ಕನ್ನಡದಲ್ಲಿ ಸಾಂತ್ವನವೆಂದರೆ ಸಾವಿನ ಮನೆಯಲ್ಲಿ ಆಡುವ ಮಾತು. ಅದರಲ್ಲಿ ಗುಳಿಗೆಯೂ ಗಡಿಯಾರವೂ ಕಾಣಿಸುವುದಿಲ್ಲ. ಇನ್ನು ನಮ್ಮ ಸೀಮೆಯ ‘ಆರಾಮ’. “ಮೈಯಾಗ ಆರಾಮಿಲ್ಲ” ಎಂದರೆ ರೋಗ. “ಆರಾಮ ಆಗ್ಯದ” ಎಂದರೆ ಗುಣವೂ ಹೌದು, ತುಸು ಹಗುರವೂ ಹೌದು. ಕ್ಷಯವನ್ನೂ ಉಪಶಮವನ್ನೂ ಅದು ಒಂದೇ ಕೊಡದಲ್ಲಿ ತುಂಬಿಬಿಡುತ್ತದೆ. ಮಮತೆಯ ಪದವಾದರೂ ಆಸ್ಪತ್ರೆಯ ಅಳತೆಗೆ ಸಾಲದು. ಹಾಗಾಗಿ ಉಪಶಮನವನ್ನೇ ಉಳಿಸಿಕೊಂಡು, ಅದಕ್ಕೆ ಅಂಟಿದ ಧೂಳನ್ನು ಒರೆಸುವುದು ಮೇಲೆಂದು ನನಗೆ ತೋರುತ್ತದೆ.

ನಮ್ಮ ಧರ್ಮಸಭೆ ಇಂಥದೇ ಒಂದು ಧೂಳನ್ನು ಒರೆಸಿದ್ದುಂಟು. ರೋಗಿಗಳ ಅಭ್ಯಂಗಕ್ಕೆ ಹಿಂದೆ ‘ಅಂತ್ಯ ಅಭ್ಯಂಗ’ವೆಂಬ ಹೆಸರು ಬಳಕೆಯಲ್ಲಿತ್ತು. ಆ ‘ಅಂತ್ಯ’ದ ಭಯದಿಂದ, ರೋಗಿಗೆ ಪ್ರಜ್ಞೆ ತಪ್ಪುವವರೆಗೂ ಮನೆಯವರು ಗುರುಗಳನ್ನು ಕರೆಯುತ್ತಿರಲಿಲ್ಲ. ಗುರುಗಳು ಬಂದರೆಂದರೆ ಸಾವು ಬಂತೆಂದೇ ಲೆಕ್ಕ. 1963ರ ಡಿಸೆಂಬರಿನಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಹೊರಡಿಸಿದ ಆರಾಧನಾ ವಿಧಿಯ ಸಂವಿಧಾನವು, ಅದನ್ನು ರೋಗಿಗಳ ಅಭ್ಯಂಗವೆಂದು ಕರೆಯುವುದೇ ಹೆಚ್ಚು ಯುಕ್ತವೆಂದೂ, ಅದು ಮರಣದ ಅಂಚಿನಲ್ಲಿರುವವರಿಗಷ್ಟೇ ಮೀಸಲಲ್ಲವೆಂದೂ ತಿಳಿಸಿತು. ಹೆಸರು ಬದಲಾದ ಮೇಲೆ ಬಳಕೆಯೂ ಬದಲಾಗುತ್ತ ಬಂತು. ಇಂದು ಶಸ್ತ್ರಚಿಕಿತ್ಸೆಗೆ ಮುನ್ನ ಅಭ್ಯಂಗ ಪಡೆದು, ಗುಣಮುಖರಾಗಿ ಬಲಿಪೂಜೆಗೆ ಬರುವವರಿದ್ದಾರೆ. ಉಪಶಮನಕ್ಕೂ ಅಂಟಿಕೊಂಡಿರುವುದು ಅದೇ ‘ಅಂತ್ಯ’ದ ಭಯ.

ನೋವನ್ನು ಪ್ರಭುವಿಗೆ ಒಪ್ಪಿಸಬೇಕು, ಗುಳಿಗೆಯಿಂದ ಅದನ್ನು ತಗ್ಗಿಸಿಕೊಳ್ಳುವುದು ವಿಶ್ವಾಸದ ಕೊರತೆ ಎಂದು ಭಾವಿಸುವವರೂ ನಮ್ಮಲ್ಲಿದ್ದಾರೆ. ಶಿಲುಬೆಯ ಬಳಿ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಯೇಸು ಸ್ವೀಕರಿಸಲಿಲ್ಲವೆಂಬುದನ್ನು ಅವರು ನೆನಪಿಸುತ್ತಾರೆ. ಅದು ಅವರು ತಮಗಾಗಿ ಮಾಡಿದ ಆಯ್ಕೆ. ಇತರರ ನೋವನ್ನು ಕಂಡಾಗ ಅವರು ಎಂದಾದರೂ ಅದನ್ನು ಹಾಗೆಯೇ ಬಿಟ್ಟು ಹೋದದ್ದುಂಟೇ? 1957ರ ಫೆಬ್ರವರಿ 24ರಂದು ಹನ್ನೆರಡನೆಯ ಪಯಸ್ ಜಗದ್ಗುರುಗಳು ಅರಿವಳಿಕೆ ವೈದ್ಯರ ಪ್ರಶ್ನೆಗಳಿಗೆ ಉತ್ತರಿಸುತ್ತ, ನೋವನ್ನು ತಗ್ಗಿಸುವ ಔಷಧ ಬಳಸುವುದು ಧರ್ಮಸಮ್ಮತವೆಂದು ಸ್ಪಷ್ಟಪಡಿಸಿದರು. ಸಾವನ್ನು ಬಯಸದಿರುವವರೆಗೆ, ಆ ಔಷಧದಿಂದ ಆಯುಷ್ಯ ತುಸು ಕುಗ್ಗಬಹುದಾದ ಸಂದರ್ಭದಲ್ಲಿಯೂ ಅದು ಸಮ್ಮತವೆಂದರು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಉಪಶಮನ ಆರೈಕೆಯನ್ನು ನಿಸ್ವಾರ್ಥ ಪ್ರೀತಿಯ ಒಂದು ವಿಶೇಷ ರೂಪವೆಂದು ಕರೆದು, ಅದನ್ನು ಪ್ರೋತ್ಸಾಹಿಸಬೇಕೆನ್ನುತ್ತದೆ. 1986ರಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಆರಂಭವಾದ ದೇಶದ ಮೊದಲ ಆಸರೆಮನೆಯ ಹೆಸರು ‘ಶಾಂತಿ ಅವೇದನಾ ಸದನ’. ವೇದನೆ ಇಲ್ಲದಿರುವುದೂ ಒಂದು ವರವೆಂದು ಆ ಹೆಸರೇ ಹೇಳುತ್ತದೆ. ಬೆಂಗಳೂರಿನ ‘ಕರುಣಾಶ್ರಯ’ವೂ ಹಲವು ವರ್ಷಗಳಿಂದ ಅದೇ ಕಾರ್ಯವನ್ನು ಹಣ ಪಡೆಯದೆ ನಡೆಸುತ್ತಿದೆ.

ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಕಂಡ ಸಮಾರಿಯದವನು ಮಾಡಿದ್ದನ್ನು ನೆನೆಯಿರಿ. ಅವನು ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹಾಕಿದನು. ದ್ರಾಕ್ಷಾರಸ ಗಾಯವನ್ನು ತೊಳೆಯುತ್ತದೆ, ಉರಿಸುತ್ತದೆ. ಎಣ್ಣೆ ಆ ಉರಿಯನ್ನು ತಣಿಸುತ್ತದೆ. ಶೋಧನ, ಶಮನ ಎರಡೂ ಒಂದೇ ಕೈಯಲ್ಲಿ, ಒಂದೇ ಗಳಿಗೆಯಲ್ಲಿ. ಯಾವುದು ಮುಖ್ಯ, ಯಾವುದು ‘ಮಾತ್ರ’ ಎಂದು ಅವನು ವಿಂಗಡಿಸುತ್ತ ನಿಲ್ಲಲಿಲ್ಲ.

ಆದುದರಿಂದ, ಪ್ರಿಯ ಓದುಗರೇ, ಮುಂದೆ ಔಷಧದ ಚೀಟಿ ನಿಮ್ಮ ಕೈಗೆ ಬಂದಾಗ ವೈದ್ಯರಲ್ಲಿ ಸಂಕೋಚವಿಲ್ಲದೆ ಒಂದು ಪ್ರಶ್ನೆ ಕೇಳಿರಿ: “ಇದು ರೋಗವನ್ನು ತೆಗೆಯುತ್ತದೆಯೇ, ರೋಗದ ತೊಂದರೆಯನ್ನು ತಗ್ಗಿಸುತ್ತದೆಯೇ?” ತೆಗೆಯುವುದಾದರೆ, ಹಗುರವಾಯಿತೆಂದು ಅರ್ಧಕ್ಕೆ ನಿಲ್ಲಿಸಬೇಡಿರಿ. ತಗ್ಗಿಸುವುದಷ್ಟೇ ಆದರೆ ಇನ್ನೊಂದನ್ನು ಕೇಳಿರಿ: “ಹಾಗಾದರೆ ಮೂಲಕ್ಕೆ ಏನು ಮಾಡುತ್ತಿದ್ದೇವೆ?” ಮೂಲಕ್ಕೆ ಮಾಡಬಹುದಾದದ್ದು ಉಳಿದಿದ್ದರೆ ಅದನ್ನು ಮಾಡಿರಿ. ಏನೂ ಉಳಿದಿಲ್ಲವೆಂದಾದರೆ, ಆ ಗುಳಿಗೆಯೇ ಈಗ ಮನೆಯಲ್ಲಿರುವ ಅತ್ಯಂತ ಮುಖ್ಯವಾದ ಔಷಧವೆಂದು ತಿಳಿದು, ಗಡಿಯಾರದ ಎದುರು ಕುಳಿತುಕೊಳ್ಳಿರಿ.

ಆ ತಾಯಿಯ ಮನೆಗೆ ನಂತರ ದಾದಿಯಾಗಿದ್ದ ಧರ್ಮಭಗಿನಿಯೊಬ್ಬರು ಬಂದರು. ಅವರು ಪದದ ಅರ್ಥವನ್ನೇನೂ ವಿವರಿಸಲಿಲ್ಲ. ಆಸ್ಪತ್ರೆಯ ಕಾಗದವನ್ನು ಓದಿ, ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಆರು, ಹತ್ತು, ಎರಡು ಎಂದು ಗಂಟೆಗಳನ್ನು ಬರೆದು, ಗುಳಿಗೆಗಳನ್ನು ಗೂಡಿನಿಂದ ತೆಗೆದು ಮಗಳ ಕೈಗಿಟ್ಟರು. ಎರಡು ದಿನಗಳ ಮೇಲೆ ನಾನು ಮತ್ತೆ ಹೋದಾಗ ಆ ತಾಯಿ ಗೋಡೆಗೆ ಒರಗಿ ಕುಳಿತು, ಮೊಮ್ಮಗಳ ಜಡೆ ಹೆಣೆಯುತ್ತಿದ್ದರು. ರೋಗ ಅಲ್ಲಿಯೇ ಇತ್ತು. ಕೆಲವೇ ವಾರಗಳಲ್ಲಿ ಅವರು ತೀರಿಕೊಂಡರು. ಆದರೆ ಆ ವಾರಗಳಲ್ಲಿ ಅವರು ಮಾತನ್ನಾಡಿದರು, ಪರಮಪ್ರಸಾದ ಸ್ವೀಕರಿಸಿದರು, ಸೊಸೆಯೊಡನೆ ಇದ್ದ ಒಂದು ಹಳೆಯ ಮುನಿಸನ್ನು ಮುಗಿಸಿಕೊಂಡರು. ಮಗಳು ಮಾತ್ರ ಇಂದಿಗೂ ಆ ಮೊದಲಿನ ರಾತ್ರಿಗಳನ್ನು ನೆನೆದು ಅಳುತ್ತಾಳೆ. ಅದು ಅವಳೊಬ್ಬಳ ತಪ್ಪಲ್ಲ. ಆ ಪದದ ಅರ್ಥವನ್ನು ಅವಳಿಗೆ ತಿಳಿಸಬೇಕಾಗಿದ್ದವರು ನಾವೆಲ್ಲರೂ.